ನಾರಿನ ಪುಡಿ ಗೊಬ್ಬರವಾಗುವ ಬಗೆ: ತಿಪಟೂರು ಸೀಮೆಯ ನನ್ನ ಅನುಭವ

ತಿಪಟೂರು, ತುರುವೇಕೆರೆ, ಗುಬ್ಬಿ ಕಡೆ ನಾರಿನ ಫ್ಯಾಕ್ಟರಿ ಇರುವಲ್ಲೆಲ್ಲ ಅದರ ಹಿಂದೆ ಕಂದು ಗುಡ್ಡವೊಂದು ಇದ್ದೇ ಇರುತ್ತದೆ. ತೆಂಗಿನ ಮಟ್ಟೆಯಿಂದ ಒಂದು ಕೆಜಿ ನಾರು ಬಿಡಿಸಿದರೆ ಹೆಚ್ಚುಕಡಿಮೆ ಎರಡು ಕೆಜಿ ಪುಡಿ ಉಳಿಯುತ್ತದೆ. ಆ ಪುಡಿಯ ರಾಶಿ ಅದು. ಮರದಿಂದ ಬಂದದ್ದು ತಾನಾಗಿಯೇ ಮಣ್ಣಾಗುತ್ತದೆ ಎಂದು ಬಿಟ್ಟಿರುತ್ತಾರೆ. ಹಳೆಯ ರಾಶಿಯೊಂದನ್ನು ಸನಿಕೆಯಿಂದ ಬಗೆದು ನೋಡಿ. ಮೇಲಿನ ಒಂದು ಗೇಣು ಕಪ್ಪಾಗಿದ್ದರೆ ಹೆಚ್ಚು. ಒಳಗಿನ ಪುಡಿ ತಂದು ಸುರಿದ ದಿನದ ಬಣ್ಣದಲ್ಲೇ ಇರುತ್ತದೆ.

ಇದಕ್ಕೆ ಕಾರಣ ಎರಡು. ಪುಡಿಯ ಸುಮಾರು ಮೂರನೇ ಒಂದು ಪಾಲು ಲಿಗ್ನಿನ್. ಮರಕ್ಕೆ ಗಟ್ಟಿತನ ಕೊಡುವ ವಸ್ತು ಅದು, ಸಾಮಾನ್ಯ ಬ್ಯಾಕ್ಟೀರಿಯಾ ಅದನ್ನು ಒಡೆಯಲಾರವು. ಆ ಕೆಲಸ ಬರುವುದು ಕೆಲವು ಜಾತಿಯ ಶಿಲೀಂಧ್ರಗಳಿಗೆ, ಅದರಲ್ಲೂ ಮರ ತಿನ್ನುವ ಅಣಬೆಗಳಿಗೆ. ಇನ್ನೊಂದು, ಇಂಗಾಲ ಮತ್ತು ಸಾರಜನಕದ ಲೆಕ್ಕ. ಹಸಿ ಪುಡಿಯಲ್ಲಿ ಒಂದು ಪಾಲು ಸಾರಜನಕಕ್ಕೆ ನೂರಕ್ಕೂ ಹೆಚ್ಚು ಪಾಲು ಇಂಗಾಲ ಇರುತ್ತದೆ. ಜೀವಾಣುಗಳು ಚುರುಕಾಗಿ ಕೆಲಸ ಮಾಡಲು ಬೇಕಾದದ್ದು 25ರಿಂದ 30ಕ್ಕೆ ಒಂದು. ತಿನ್ನುವವರೂ ಇಲ್ಲ, ಜೊತೆಗೆ ಬೇಕಾದ ಆಹಾರವೂ ಇಲ್ಲ ಎಂದಮೇಲೆ ರಾಶಿ ಹಾಗೇ ಕೂತಿರುತ್ತದೆ.

ಕೂತಿದ್ದರೆ ನಷ್ಟವೇನು ಎಂದು ಕೇಳುವವರಿದ್ದಾರೆ. ಮಳೆ ಬಿದ್ದಾಗ ರಾಶಿಯ ಬುಡದಿಂದ ಕೆಂಪು ನೀರು ಹರಿಯುತ್ತದೆ. ಅದು ಟ್ಯಾನಿನ್‌ನಂಥ ಒಗರು ಪದಾರ್ಥಗಳು. ಕುಂಟೆಗೆ ಸೇರಿದರೆ ನೀರಿನ ಆಮ್ಲಜನಕವನ್ನು ಹೀರುತ್ತವೆ, ಬೀಜದ ಮೊಳಕೆಯನ್ನೂ ತಡೆಯುತ್ತವೆ. ಬೇಸಗೆಯಲ್ಲಿ ಒಂದು ಕಿಡಿ ಬಿದ್ದರೆ ಪುಡಿ ಉರಿಯುವುದಿಲ್ಲ, ಒಳಗೊಳಗೇ ದಿನಗಟ್ಟಲೆ ಹೊಗೆಯಾಡುತ್ತದೆ. ನೀರು ನಿಲ್ಲುವ ಗುಂಡಿಗೆ ತುಂಬಿದರೆ ಗಾಳಿಯಿಲ್ಲದೆ ಮೀಥೇನ್ ಹುಟ್ಟುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಬಿಸಿ ಹಿಡಿದಿಡುವ ಅನಿಲ. ಹಸಿ ಪುಡಿಯನ್ನೇ ಹೊಲಕ್ಕೆ ಎರಚುವುದು ಇನ್ನೊಂದು ತಪ್ಪು. ಅದನ್ನು ಕೊಳೆಸಲು ಜೀವಾಣುಗಳು ಮಣ್ಣಿನ ಸಾರಜನಕವನ್ನೇ ಎಳೆದುಕೊಳ್ಳುತ್ತವೆ, ಪೈರು ಹಳದಿಯಾಗುತ್ತದೆ. ರೋಗವೆಂದು ತಿಳಿದು ಔಷಧಿ ಹೊಡೆದರೆ ದುಡ್ಡು ದಂಡ.

ನಾನು ಮಾಡುವುದು ಒಂದು ಟನ್ನಿನ ಲೆಕ್ಕದಲ್ಲಿ. ನೆರಳಿರುವ, ನೀರು ನಿಲ್ಲದ ಜಾಗದಲ್ಲಿ 5 ಮೀಟರ್ ಉದ್ದ, 3 ಮೀಟರ್ ಅಗಲ ಸಮ ಮಾಡಿಕೊಳ್ಳಬೇಕು. ಗುಂಡಿ ತೋಡಬಾರದು. ಬೇಕಾದದ್ದು 5 ಕೆಜಿ ಯೂರಿಯಾ ಮತ್ತು ಚಿಪ್ಪು ಅಣಬೆಯ ಬೀಜ 1 ಕೆಜಿ, ಅಂದರೆ 200 ಗ್ರಾಂನ ಐದು ಪೊಟ್ಟಣ. ನಾರಿನ ಪುಡಿ ಕೊಳೆಸಲೆಂದೇ ಕೇಂದ್ರ ಸರ್ಕಾರದ ಕಾಯರ್ ಬೋರ್ಡ್ (ತೆಂಗಿನ ನಾರಿನ ಮಂಡಳಿ) ತಯಾರಿಸಿದ ಪಿತ್‌ಪ್ಲಸ್ ಕೂಡ ಇದೇ ಜಾತಿಯ ಅಣಬೆಯಿಂದ ಮಾಡಿದ್ದು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಅಣಬೆ ಬೀಜ ಸಿಗುತ್ತದೆ, ಮುಂಚೆಯೇ ಹೇಳಿಟ್ಟರೆ ಒಳ್ಳೆಯದು. ಪೊಟ್ಟಣದೊಳಗೆ ಹತ್ತಿಯಂತೆ ಬೆಳ್ಳಗೆ ಹಬ್ಬಿರಬೇಕು. ಹಸಿರು ಅಥವಾ ಕಪ್ಪು ಚುಕ್ಕೆ ಕಂಡರೆ ಬೇರೆ ಬೂಷ್ಟು ಸೇರಿದೆ, ಬಳಸಬೇಡಿ.

ಮೊದಲು ಪುಡಿಯಲ್ಲಿ ಉಳಿದಿರುವ ಉದ್ದ ನಾರನ್ನು ಜರಡಿ ಹಿಡಿದು ತೆಗೆಯುತ್ತೇನೆ. 100 ಕೆಜಿ ಪುಡಿ ಹರಡಿ ನೀರು ಚಿಮುಕಿಸಿ ಒಂದು ಪೊಟ್ಟಣ ಬೀಜವನ್ನು ಉದುರಿಸಿ ಎರಚಬೇಕು. ಅದರ ಮೇಲೆ ಇನ್ನು 100 ಕೆಜಿ ಪುಡಿ, ಅದರ ಮೇಲೆ 1 ಕೆಜಿ ಯೂರಿಯಾ. ಮತ್ತೆ ಪುಡಿ, ಬೀಜ, ಪುಡಿ, ಯೂರಿಯಾ. ಹೀಗೆ ಹತ್ತು ಪದರ. ಬೀಜ ಮತ್ತು ಯೂರಿಯಾವನ್ನು ಒಂದೇ ಪದರದಲ್ಲಿ ಹಾಕಬಾರದು. ಯೂರಿಯಾ ಕರಗಿ ಅಮೋನಿಯಾ ಆದ ಜಾಗದಲ್ಲಿ ಎಳೆಯ ಅಣಬೆ ಎಳೆಗಳು ಸುಟ್ಟುಹೋಗುತ್ತವೆ. ಬೇಗ ಆಗಲೆಂದು ಯೂರಿಯಾವನ್ನು ದುಪ್ಪಟ್ಟು ಮಾಡಿದವರ ರಾಶಿಯಲ್ಲಿ ಕಣ್ಣು ಉರಿಯುವ ವಾಸನೆ ಬರುತ್ತದೆ, ಬಿಳಿ ಎಳೆ ಮಾತ್ರ ಕಾಣುವುದಿಲ್ಲ. ರಾಶಿಯ ಎತ್ತರ 1 ಮೀಟರ್ ದಾಟಬಾರದು. ಚಿಪ್ಪು ಅಣಬೆಗೆ ಹಿತವಾದ ಉಷ್ಣತೆ 25ರಿಂದ 30 ಡಿಗ್ರಿ ಸೆಲ್ಸಿಯಸ್. ರಾಶಿ ದೊಡ್ಡದಾದಷ್ಟೂ ಒಳಗೆ ಕಾವು ಏರುತ್ತದೆ, 40 ದಾಟಿದರೆ ಅದಕ್ಕೆ ಉಳಿಗಾಲವಿಲ್ಲ.

ಸಗಣಿ, ಹೊಂಗೆ ಸೊಪ್ಪು, ಗ್ಲಿರಿಸಿಡಿಯಾ ಸೊಪ್ಪನ್ನು ಶುರುವಿನಲ್ಲೇ ಸೇರಿಸುವವರು ಬಹಳ. ಒಳ್ಳೆಯ ಉದ್ದೇಶವೇ. ಆದರೆ ಹಸಿರು ಸೊಪ್ಪು ಬಿದ್ದ ರಾಶಿ ಎರಡು ಮೂರು ದಿನದಲ್ಲಿ ಕೈ ಇಡಲಾಗದಷ್ಟು ಕಾಯುತ್ತದೆ, ಅಣಬೆ ಅಲ್ಲಿಗೇ ಮುಗಿಯುತ್ತದೆ. ನಾನು ಮೊದಲ 30 ದಿನ ಅಣಬೆಗೆ ಬಿಟ್ಟುಕೊಡುತ್ತೇನೆ. ಅದು ಲಿಗ್ನಿನ್ ಸಡಿಲ ಮಾಡಿದ ಮೇಲೆ ಸಗಣಿ ಬಗ್ಗಡ ಮತ್ತು ಸೊಪ್ಪು ಸೇರಿಸುತ್ತೇನೆ. 5 ಕೆಜಿ ಯೂರಿಯಾದಲ್ಲಿ ಇರುವ ಸಾರಜನಕ 2.3 ಕೆಜಿ ಅಷ್ಟೇ, ಆದ್ದರಿಂದ ಈ ಎರಡನೇ ಊಟ ಬೇಕೇ ಬೇಕು.

ತೇವದ ವಿಷಯದಲ್ಲಿ ಪುಡಿ ಮೋಸ ಮಾಡುತ್ತದೆ. ತನ್ನ ತೂಕದ ಐದಾರು ಪಟ್ಟು ನೀರು ಹೀರಿಯೂ ಮೇಲೆ ಒಣಗಿದಂತೆ ಕಾಣುತ್ತದೆ. ಒಂದು ಮೊಳ ಒಳಗಿನಿಂದ ಒಂದು ಹಿಡಿ ತೆಗೆದು ಬಿಗಿಯಾಗಿ ಹಿಂಡಿ. ಬೆರಳ ಸಂದಿಯಲ್ಲಿ ಒಂದೆರಡು ಹನಿ ಮೂಡಿದರೆ ಸರಿ, ಅದು ಹತ್ತಿರ ಹತ್ತಿರ ಶೇ 60 ತೇವ. ಹಿಂಡಿದಾಗ ನೀರು ಧಾರೆಯಾಗಿ ಸುರಿದರೆ ಗಾಳಿ ಹೋಗುವ ಸಂದುಗಳು ಮುಚ್ಚಿವೆ ಎಂದರ್ಥ, ಹುಳಿ ನಾತ ಬರುವ ಮೊದಲೇ ತಿರುವಿ ಹಾಕಿ. ಮೊದಲ ಹದಿನೈದು ದಿನ ಮಾತ್ರ ರಾಶಿ ಕೆದಕಬಾರದು, ಎಳೆಗಳು ತುಂಡಾಗುತ್ತವೆ. ಆಮೇಲೆ ಹತ್ತು ದಿನಕ್ಕೊಮ್ಮೆ. ಮೂವತ್ತೇ ದಿನದಲ್ಲಿ ಗೊಬ್ಬರ ಎಂಬ ಮಾತನ್ನು ನಂಬಿ ತೋಟಕ್ಕೆ ಹೊರಬೇಡಿ. ನಮ್ಮ ಒಣ ಹವೆಯಲ್ಲಿ ನನಗೆ 60 ದಿನ ಬೇಕಾಗುತ್ತದೆ, ಚಳಿಗಾಲದಲ್ಲಿ 75.

ಇದೇ ರಾಶಿಯಲ್ಲಿ ಬೇರೆ ಸಾಮಾನುಗಳನ್ನೂ ಹೂತು ನೋಡುತ್ತೇನೆ. ಹರಿದ ಅಡಿಕೆ ಹಾಳೆ ತಟ್ಟೆ ಎರಡು ಮೂರು ತಿಂಗಳಲ್ಲಿ ಬೆರಳಿಗೆ ಸಿಕ್ಕದಷ್ಟು ಮೆತ್ತಗಾಗುತ್ತದೆ. ಪಿಎಲ್‌ಎ ಎಂಬ, ಮೆಕ್ಕೆಜೋಳದಂಥ ಬೆಳೆಯ ಪಿಷ್ಟದಿಂದ ಮಾಡುವ ಪ್ಲಾಸ್ಟಿಕ್ಕಿನ ಪಾರದರ್ಶಕ ಲೋಟ ಹಾಕಿದಂತೆಯೇ ಸಿಗುತ್ತದೆ. ಇದರಲ್ಲಿ ಆಶ್ಚರ್ಯವಿಲ್ಲ. ಕಾಂಪೋಸ್ಟಬಲ್ (ಗೊಬ್ಬರವಾಗಬಲ್ಲದು) ಎಂಬ ಮುದ್ರೆಗೆ ಆಧಾರವಾದ ಐಎಸ್‌ಒ 17088 ಎಂಬ ಅಂತರರಾಷ್ಟ್ರೀಯ ಮಾನದಂಡದ ಪರೀಕ್ಷೆ ನಡೆಯುವುದು 58 ಡಿಗ್ರಿ ಆಸುಪಾಸಿನ ಕಾವಿನಲ್ಲಿ, 180 ದಿನದೊಳಗೆ. ಕಾರ್ಖಾನೆಯ ಮಟ್ಟದ ಗೊಬ್ಬರ ಘಟಕದಲ್ಲಿ ಆ ಕಾವು ನಿಲ್ಲುತ್ತದೆ, ನಮ್ಮ ತಿಪ್ಪೆಯಲ್ಲಿ ನಿಲ್ಲುವುದಿಲ್ಲ. ಮುದ್ರೆ ಸುಳ್ಳಲ್ಲ, ಅದು ಹೇಳುವ ಜಾಗ ಬೇರೆ. ಬರೀ 'ಡಿಗ್ರೇಡಬಲ್' ಎಂದಿರುವ ಕವರನ್ನಂತೂ ಹತ್ತಿರ ಸೇರಿಸಬೇಡಿ. ಅದು ಪುಡಿಪುಡಿಯಾಗಿ ಮಣ್ಣಿನಲ್ಲಿ ಬೆರೆಯುತ್ತದೆ, ಆಮೇಲೆ ಆರಿಸಲೂ ಆಗುವುದಿಲ್ಲ.

ಗೊಬ್ಬರ ಹದವಾಯಿತೇ ಎಂದು ಬಣ್ಣ ನೋಡಿ ಹೇಳಬೇಡಿ, ಒದ್ದೆ ಪುಡಿಯೂ ಕಪ್ಪಗೇ ಕಾಣುತ್ತದೆ. ಎರಡು ತಟ್ಟೆಯಲ್ಲಿ ಇಪ್ಪತ್ತಿಪ್ಪತ್ತು ಹೆಸರುಕಾಳು ಬಿತ್ತಿ, ಒಂದಕ್ಕೆ ತೋಟದ ಮಣ್ಣು, ಇನ್ನೊಂದಕ್ಕೆ ಅದೇ ಮಣ್ಣಿಗೆ ಅರ್ಧ ಈ ಗೊಬ್ಬರ. ವಾರದಲ್ಲಿ ಎರಡೂ ಸಮ ಹುಟ್ಟಿ, ಬೇರು ಬೆಳ್ಳಗಿದ್ದರೆ ಆಯಿತು. ಗೊಬ್ಬರದ ತಟ್ಟೆಯಲ್ಲಿ ಬೇರಿನ ತುದಿ ಕಂದಾಗಿದ್ದರೆ ಇನ್ನೂ ಹದಿನೈದು ದಿನ ಬಿಡಿ. ಕೋಲಾರ, ಚಿಕ್ಕಬಳ್ಳಾಪುರದ ಟೊಮೆಟೊ ನರ್ಸರಿಗಳಿಗೆ ಕೊಡುವುದಾದರೆ ಉಪ್ಪಿನಂಶದ ಪರೀಕ್ಷೆಯೂ ಆಗಬೇಕು. ಸಸಿ ಬೆಳೆಸುವ 98 ಗುಣಿಯ ಟ್ರೇಗೆ ಹಿಡಿಯುವುದು ಸುಮಾರು 1.2 ಕೆಜಿ ಮಾತ್ರ, ಅಷ್ಟರಲ್ಲಿ ಉಪ್ಪು ಹೆಚ್ಚಾದರೆ ಸಸಿಗೆ ತಪ್ಪಿಸಿಕೊಳ್ಳಲು ಮಣ್ಣಿಲ್ಲ. ಗಡಸು ಬೋರ್‌ವೆಲ್ ನೀರನ್ನೇ ಚಿಮುಕಿಸಿದ್ದರೆ ಈ ಅಂಶ ಏರಿರುತ್ತದೆ. ಕೆರೆ ಅಥವಾ ಮಳೆ ನೀರಲ್ಲಿ ಒಂದೆರಡು ಸಲ ತೊಳೆದರೆ ಇಳಿಯುತ್ತದೆ.

ತೆಂಗಿಗೆ ಹಾಕುವಾಗ ಬುಡದಿಂದ ಆರು ಅಡಿ ದೂರದವರೆಗಿನ ಪಾತಿಯಲ್ಲಿ, ಮುಂಗಾರಿನ ತೇವ ಇರುವಾಗ, ಮರಕ್ಕೆ 25 ಕೆಜಿ ಹರಡಿ ಮಣ್ಣು ಮುಚ್ಚುತ್ತೇನೆ. ಹೊರುವ ಮುನ್ನ ರಾಶಿಯನ್ನು ಬುಡದವರೆಗೆ ಕೆದಕಿ ನೋಡಲೇಬೇಕು. ಕುರುವಾಯಿ ದುಂಬಿ ಮೊಟ್ಟೆಯಿಡುವುದು ಇಂಥ ಮೆತ್ತನೆಯ ಗೊಬ್ಬರದಲ್ಲೇ. ಹೆಬ್ಬೆರಳು ಗಾತ್ರದ, ಬಿಲ್ಲಿನಂತೆ ಬಾಗಿದ ಬಿಳಿ ಹುಳ ಸಿಕ್ಕರೆ ಆರಿಸಿ ಕೊಲ್ಲಿ, ರಾಶಿಗೆ ಈ ಹುಳವನ್ನು ಕೊಲ್ಲುವ ಮೆಟಾರೈಜಿಯಂ ಶಿಲೀಂಧ್ರ ಬೆರೆಸಿ. ಬಿಟ್ಟರೆ ಅವೇ ದುಂಬಿಯಾಗಿ ತೆಂಗಿನ ಸುಳಿ ಕೊರೆಯುತ್ತವೆ, ಆಮೇಲೆ ಬಿಚ್ಚಿದ ಗರಿಯಲ್ಲಿ ಕತ್ತರಿಯಾಡಿಸಿದಂಥ ಗುರುತು ಕಾಣುತ್ತದೆ.