ತಾಯಿಯ ಮನೆಯಿಂದ ಆರಂಭಿಸಿ: ತುಳುನಾಡಿನಲ್ಲಿ ವಂಶವೃಕ್ಷ ಬರೆಯುವ ಕ್ರಮ

ವಂಶವೃಕ್ಷ ಬರೆಯಹೊರಟವರು ಸಾಮಾನ್ಯವಾಗಿ ತಮ್ಮ ಹೆಸರು, ಅದರ ಮೇಲೆ ತಂದೆಯ ಹೆಸರು, ಅದರ ಮೇಲೆ ಅಜ್ಜನ ಹೆಸರು ಎಂದು ಏಣಿ ಹತ್ತಿದಂತೆ ಬರೆಯುತ್ತ ಹೋಗುತ್ತಾರೆ. ಮಂಗಳೂರು, ಉಡುಪಿ ಕಡೆಯ ಬಂಟ, ಬಿಲ್ಲವ, ಮೊಗವೀರ ಮೊದಲಾದ ಅಳಿಯಸಂತಾನದ, ಎಂದರೆ ವಂಶವೂ ಆಸ್ತಿಯೂ ತಾಯಿಯ ಕಡೆಯಿಂದ ಸಾಗುತ್ತಿದ್ದ ಪದ್ಧತಿಯ, ಮನೆತನಗಳಲ್ಲಿ ಈ ಏಣಿ ಮೂರನೆಯ ಮೆಟ್ಟಿಲಿನಲ್ಲೇ ನಿಂತುಬಿಡುತ್ತದೆ. ಅಜ್ಜನು ತನ್ನ ತಂದೆಯ ಕುಟುಂಬದವನಾಗಿರಲಿಲ್ಲ. ತನ್ನ ತಾಯಿಯ ಕುಟುಂಬದವನಾಗಿದ್ದನು. ಅವನ ಹೆಸರಿರುವ ಕಾಗದಪತ್ರಗಳು ಅವನ ತಾಯಿಯ ತರವಾಡು (ಕುಟುಂಬದ ಮೂಲ) ಮನೆಯಲ್ಲಿವೆ, ಅವನ ಹಕ್ಕು ಹೋದದ್ದು ಸಹೋದರಿಯ ಮಕ್ಕಳಿಗೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಆಸ್ತಿಯ ಕ್ರಮ ಬದಲಾಯಿತಾದರೂ ಅದಕ್ಕಿಂತ ಹಿಂದಿನ ಪ್ರತಿಯೊಂದು ದಾಖಲೆಯೂ ತಾಯಿಯ ದಾರಿಯಲ್ಲೇ ಸಾಗುತ್ತದೆ. ಆದ್ದರಿಂದ ಹಾಳೆಯ ತಲೆಯಲ್ಲಿ ನಿಮಗೆ ಗೊತ್ತಿರುವ ಅತಿ ಹಿರಿಯ ಹೆಣ್ಣುಮಗಳ ಹೆಸರನ್ನು ಬರೆಯಿರಿ. ಅವಳಿಂದ ಹೆಣ್ಣುಮಕ್ಕಳ ಮೂಲಕ ಕೆಳಗಿಳಿಯಿರಿ. ತಂದೆಯ ಕಡೆಯದನ್ನು ಬೇರೆ ಹಾಳೆಯಲ್ಲಿ, ತಂದೆಯ ತಾಯಿಯ ಮನೆಯಿಂದ ಹೀಗೆಯೇ ಆರಂಭಿಸಿ.

ಮೊದಲ ಕೆಲಸ ಹಿರಿಯರ ಬಳಿ ಕುಳಿತು ಕೇಳುವುದು, ಮತ್ತು ಅದನ್ನು ಈ ವಾರವೇ ಮಾಡುವುದು. ಕಚೇರಿಯ ಕಡತಗಳು ಇನ್ನೂ ಹತ್ತು ವರ್ಷ ಕಾಯಬಲ್ಲವು, ತೊಂಬತ್ತರ ಅಜ್ಜಿ ಕಾಯಲಾರರು. "ನಿಮ್ಮ ಅಜ್ಜಿಯ ತಾಯಿಯ ಹೆಸರೇನು?" ಎಂದು ನೇರವಾಗಿ ಕೇಳಿದರೆ ಹೆಚ್ಚಿನವರು ತಲೆಯಾಡಿಸಿ ಸುಮ್ಮನಾಗುತ್ತಾರೆ. ಮನೆಯನ್ನು ಕುರಿತು ಕೇಳಿದರೆ ಹೆಸರುಗಳು ತಾವಾಗಿ ಬರುತ್ತವೆ: ತಂಬಿಲದ (ದೈವ, ನಾಗಗಳಿಗೆ ಮನೆಯವರು ಸಲ್ಲಿಸುವ ಪೂಜೆಯ) ದಿನ ಯಾರು ಯಾರು ಬರುತ್ತಿದ್ದರು, ಯಾವ ಮನೆಯವರು ಹಿಂದಿನ ರಾತ್ರಿಯೇ ಬಂದು ಉಳಿಯುತ್ತಿದ್ದರು, ಬಾಣಂತನಕ್ಕೆ ಯಾರು ಬಂದಿದ್ದರು. ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಫಲ ಕೊಟ್ಟ ಪ್ರಶ್ನೆ ಒಂದೇ: "ನಮ್ಮ ಮನೆಯಲ್ಲಿ ಸಾವಾದರೆ ಯಾವ ಯಾವ ಮನೆಯವರಿಗೆ ಸೂತಕ?" ಸೂತಕ ಹಿಡಿಯುವ ಮನೆಗಳೆಲ್ಲ ಒಂದೇ ಕುಟುಂಬದ ಕವಲುಗಳು. ಸಂಬಂಧದ ಕೊಂಡಿಯೇ ಮರೆತುಹೋದ ಮೇಲೂ ಸೂತಕದ ನೆನಪು ಒಂದೆರಡು ತಲೆಮಾರು ಉಳಿದಿರುತ್ತದೆ.

ಅದೇ ಹೊತ್ತಿನಲ್ಲಿ ಬಳಿ (ಗೋತ್ರದಂಥ ಕುಲದ ಹೆಸರು) ಯಾವುದು, ಕುಟುಂಬದ ದೈವಗಳು ಯಾವುವು, ನಾಗನ ಮೂಲಸ್ಥಾನ ಎಲ್ಲಿದೆ ಎಂಬ ಮೂರನ್ನೂ ಬರೆದುಕೊಳ್ಳಿ. ಬಳಿ ತಾಯಿಯಿಂದ ಬರುವುದರಿಂದ ಅದು ಒಂದು ಒರೆಗಲ್ಲು. ಹಾಳೆಯಲ್ಲಿ ತಾಯಿಗೂ ಮಗಳಿಗೂ ಬೇರೆ ಬೇರೆ ಬಳಿ ಬಂದಿದ್ದರೆ ನೀವು ಎಲ್ಲಿಯೋ ತಪ್ಪಿದ್ದೀರಿ ಎಂದರ್ಥ. ಹಾಗೆಂದು ಬಳಿ ಒಂದೇ ಆದ ಮಾತ್ರಕ್ಕೆ ಎರಡು ಮನೆಗಳನ್ನು ಒಂದೇ ಗೆರೆಗೆ ಜೋಡಿಸಬಾರದು. ಬಳಿಯ ಜೊತೆಗೆ ದೈವಗಳ ಗುಂಪೂ ನಾಗಮೂಲವೂ ಹೊಂದಿದರೆ ಮಾತ್ರ ಆ ಮನೆಯವರನ್ನು ಹುಡುಕಿಕೊಂಡು ಹೋಗುವುದು ಸಾರ್ಥಕ.

ಮನೆಯೊಳಗಿನ ಕಾಗದಗಳಲ್ಲಿ ಜನರು ಆಸ್ತಿಪತ್ರವನ್ನು ಮಾತ್ರ ಜೋಪಾನ ಮಾಡುತ್ತಾರೆ, ಉಳಿದದ್ದನ್ನು ಒಲೆಗೆ ಹಾಕುತ್ತಾರೆ. ವಂಶವೃಕ್ಷಕ್ಕೆ ಬೇಕಾದುದು ಆ ಉಳಿದದ್ದೇ. ತರವಾಡಿನ ನೇಮ (ದೈವದ ಉತ್ಸವ), ತಂಬಿಲಗಳಿಗೆ ಸಂಗ್ರಹಿಸಿದ ವಂತಿಗೆಯ ಪುಸ್ತಕದಲ್ಲಿ ಕುಟುಂಬದ ಮನೆಗಳೆಲ್ಲ ಸಾಲಾಗಿ ಸಿಗುತ್ತವೆ. ಒಂದು ವರ್ಷ ಹೆಸರಿದ್ದು ಮರುವರ್ಷ ಇಲ್ಲವಾದರೆ ಆ ಮನೆಯಲ್ಲಿ ಸಾವು, ವಲಸೆ ಅಥವಾ ಜಗಳ ನಡೆದಿರಬೇಕು. ಉತ್ತರಕ್ರಿಯೆಯ ಕಾಗದಗಳಲ್ಲಿ ಮಕ್ಕಳು, ಅಳಿಯಂದಿರು, ಮೊಮ್ಮಕ್ಕಳ ಹೆಸರುಗಳು ಒಟ್ಟಿಗೆ ಅಚ್ಚಾಗಿರುತ್ತವೆ. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಪೋಷಕರೆಂದು ತಂದೆಯ ಬದಲು ಸೋದರಮಾವನ ಹೆಸರಿದ್ದರೆ ಅಚ್ಚರಿಪಡಬೇಡಿ, ಆದರೆ ಅಲ್ಲಿನ ಹುಟ್ಟಿದ ದಿನಾಂಕವನ್ನು ನಂಬಬೇಡಿ. ಶಾಲೆಗೆ ಸೇರಿಸುವಾಗ ಮೇಷ್ಟ್ರೇ ಅಂದಾಜಿನಲ್ಲಿ ಬರೆದುಕೊಂಡದ್ದು ಬಹಳ. ಮನೆಯ ವಯಸ್ಸನ್ನು ಹೆಂಚಿನಿಂದ ತಿಳಿಯುವ ಪ್ರಯತ್ನವೂ ಬೇಡ. ಬಾಸೆಲ್ ಮಿಶನ್ ಹೆಂಚಿನ ಮೇಲಿರುವ 1865 ಎಂಬುದು ಕಾರ್ಖಾನೆ ಆರಂಭವಾದ ವರ್ಷ, ನಿಮ್ಮ ಮನೆಗೆ ಮಾಡು ಹೊದಿಸಿದ ವರ್ಷವಲ್ಲ.

ಹಿರಿಯರು ಇಸವಿ ಹೇಳುವುದಿಲ್ಲ, ಘಟನೆ ಹೇಳುತ್ತಾರೆ. ಅದನ್ನು ಇಸವಿಗೆ ತಿರುಗಿಸುವುದನ್ನು ಕಲಿಯಬೇಕು. "ಮಾರಿ ಬೊಳ್ಳ" ಎಂದರೆ ನೇತ್ರಾವತಿ ಉಕ್ಕಿ ಪಾಣೆಮಂಗಳೂರು, ಬಂಟ್ವಾಳಗಳನ್ನು ಮುಳುಗಿಸಿದ 1923ರ ನೆರೆ. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ, ಗಾಂಧೀಜಿ ಮಂಗಳೂರಿಗೆ ಬಂದದ್ದು 1920, 1927 ಮತ್ತು 1934ರಲ್ಲಿ. ಉಡುಪಿಯ ಕಡೆಯವರಿಗೆ ಪರ್ಯಾಯವೇ, ಎಂದರೆ ಕೃಷ್ಣಮಠದ ಪೂಜೆಯ ಅಧಿಕಾರ ಮಠದಿಂದ ಮಠಕ್ಕೆ ದಾಟುವ ಸರದಿಯೇ, ಪಂಚಾಂಗ. ಎಂಟು ಮಠಗಳಿಗೆ ಎರಡೆರಡು ವರ್ಷದಂತೆ ಸರದಿ ಬರುವುದರಿಂದ ಒಂದೇ ಮಠದ ಪರ್ಯಾಯ ಹದಿನಾರು ವರ್ಷಕ್ಕೊಮ್ಮೆ ಮರಳುತ್ತದೆ. "ಪೇಜಾವರ ಪರ್ಯಾಯದ ವರ್ಷ ಹುಟ್ಟಿದವಳು" ಎಂದರೆ 1920, 1936 ಅಥವಾ 1952. ಈ ಮೂರರಲ್ಲಿ ಯಾವುದೆಂದು ಜಾತಕದ ಸಂವತ್ಸರ ಹೇಳಿಬಿಡುತ್ತದೆ. ಸಂವತ್ಸರಗಳ ಸುತ್ತು ಅರವತ್ತು ವರ್ಷದ್ದು: ಪ್ರಭವ ಎಂದಿದ್ದರೆ ಯುಗಾದಿಯಿಂದ ಯುಗಾದಿಗೆ 1927-28 ಅಥವಾ 1987-88, ಧಾತು ಎಂದಿದ್ದರೆ 1936-37. ತಿಂಗಳ ಹೆಸರು ಆಟಿ, ಸೋಣ ಎಂದು ತುಳುವಿನಲ್ಲಿದ್ದರೆ ಅದು ಸೌರಮಾಸ. ಚಾಂದ್ರಮಾಸದ ಆಷಾಢ, ಶ್ರಾವಣಗಳೊಂದಿಗೆ ಬೆರೆಸಿದರೆ ಕೆಲವು ವಾರಗಳ ವ್ಯತ್ಯಾಸ ಬರುತ್ತದೆ.

ಇಷ್ಟಾದ ಮೇಲೆ ಉಪನೋಂದಣಿ ಕಚೇರಿಗೆ ಹೋಗಿ. ನಮ್ಮ ಜಿಲ್ಲೆಗಳ ವಂಶವೃಕ್ಷಕ್ಕೆ ಇದಕ್ಕಿಂತ ದೊಡ್ಡ ಗಣಿಯಿಲ್ಲವೆಂದು ನಾನು ನಂಬಿದ್ದೇನೆ, ಮತ್ತು ಅದಕ್ಕೆ ಕಾರಣವೂ ಅಳಿಯಸಂತಾನವೇ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆಯು ಕುಟುಂಬದ ಆಸ್ತಿಯನ್ನು ಕವರುಗಳ ಲೆಕ್ಕದಲ್ಲಿ ಪಾಲು ಮಾಡಿಕೊಳ್ಳುವ ಹಕ್ಕನ್ನು ನೀಡಿತು. ಒಬ್ಬ ಹೆಣ್ಣುಮಗಳೂ ಅವಳ ಮಕ್ಕಳೂ ಹೆಣ್ಣುಮಕ್ಕಳ ಸಂತತಿಯೂ ಸೇರಿ ಒಂದು ಕವರು. ಪಾಲು ಆಗಬೇಕಾದರೆ ಯಾವ ಕವರಿನಲ್ಲಿ ಯಾರು ಯಾರಿದ್ದಾರೆಂದು ಬರೆಯಲೇಬೇಕಿತ್ತು. ಹೀಗಾಗಿ ಆ ಕಾಲದ ವಿಭಾಗ ಪತ್ರಗಳಲ್ಲಿ ತೊಟ್ಟಿಲಿನ ಮಗುವಿನಿಂದ ಎಜಮಾನನವರೆಗೆ, ಹೆಸರು, ವಯಸ್ಸು, ವಾಸದ ಊರಿನ ಸಮೇತ ಎಲ್ಲರೂ ಸಿಗುತ್ತಾರೆ. ನಮ್ಮ ಕುಟುಂಬದ ಪತ್ರದ ನಕಲು ಕೈಗೆ ಬಂದ ದಿನ ನಾನು ಓದಿದ ಒಂದು ಸಾಲು ಇನ್ನೂ ಕಣ್ಣಮುಂದಿದೆ: ನನ್ನ ತಾಯಿಯ ಹೆಸರು, ಅದರ ಮುಂದೆ "ಪ್ರಾಯ 3, ಮೈನರ್, ತಾಯಿ ಪೋಷಕಿ" ಎಂಬ ಬರಹ. ಅದೇ ಪುಟದಲ್ಲಿ ಅವರಿಗಿಂತ ಎರಡು ವರ್ಷಕ್ಕೆ ದೊಡ್ಡವನಾದ ಒಬ್ಬ ಹುಡುಗನ ಹೆಸರೂ ಇತ್ತು. ನನ್ನ ತಲೆಮಾರಿನ ಯಾರೂ ಅವನ ಬಗ್ಗೆ ಕೇಳಿರಲಿಲ್ಲ.

ಪತ್ರದಲ್ಲಿ "ನಿಸ್ಸಂತತಿ ಕವರು" ಎಂಬ ಮಾತು ಕಂಡರೆ ಅಲ್ಲಿ ಸಂತಾನವೇ ಇರಲಿಲ್ಲವೆಂದು ಗೆರೆ ಎಳೆಯಬೇಡಿ. ಹೆಣ್ಣಿನ ಮೂಲಕ ಸಂತತಿ ಮುಂದುವರಿಯುವಂತಿಲ್ಲದ ಕವರಿಗೆ ಆ ಹೆಸರು. ಆ ಕವರಿನ ಗಂಡಸಿಗೆ ಹೆಂಡತಿ ಮಕ್ಕಳು ಇದ್ದಿರಬಹುದು, ಅವರು ಹೆಂಡತಿಯ ಕುಟುಂಬದ ಪತ್ರದಲ್ಲಿ ಸಿಗುತ್ತಾರೆ. ಎಷ್ಟೋ ಮಂದಿ ತಮ್ಮ ಅಜ್ಜನ ಅಣ್ಣತಮ್ಮಂದಿರ ಮಕ್ಕಳನ್ನು ಇಲ್ಲಿಯೇ ಕಳೆದುಕೊಳ್ಳುತ್ತಾರೆ.

ನಕಲು ಪಡೆಯುವುದು ಕಷ್ಟವಲ್ಲ. ಸ್ಥಿರಾಸ್ತಿಯ ಪತ್ರಗಳು ದಾಖಲಾಗುವ ಒಂದನೇ ಪುಸ್ತಕವನ್ನು ಶುಲ್ಕ ಕೊಟ್ಟು ಯಾರು ಬೇಕಾದರೂ ನೋಡಬಹುದು, ದೃಢೀಕೃತ ನಕಲನ್ನೂ ಕೇಳಬಹುದು. ಹಳೆಯ ವರ್ಷಗಳಿಗೆ ಕೈಬರಹದ ಸೂಚಿಯನ್ನು ತಿರುವಬೇಕಾಗುವುದರಿಂದ ಗ್ರಾಮದ ಹೆಸರು, ಸರ್ವೆ ನಂಬರು, ಎಜಮಾನನ ಹೆಸರು ಮತ್ತು ಹತ್ತು ವರ್ಷದೊಳಗಿನ ಅಂದಾಜು ನಿಮ್ಮ ಬಳಿ ಇರಲಿ. ವೀಲುನಾಮೆಗಳು ಮೂರನೇ ಪುಸ್ತಕದಲ್ಲಿರುತ್ತವೆ. ಬರೆದವರು ತೀರಿಕೊಂಡ ಮೇಲೆ ಅವುಗಳ ನಕಲನ್ನೂ ಪಡೆಯಬಹುದು. ಕಾಪು, ಬ್ರಹ್ಮಾವರ, ಹೆಬ್ರಿ, ಬೈಂದೂರುಗಳು ಈಚಿನ ತಾಲೂಕುಗಳಾದ್ದರಿಂದ ಹಳೆಯ ಕಡತವನ್ನು ಹಳೆಯ ತಾಲೂಕಿನಲ್ಲೇ ವಿಚಾರಿಸಬೇಕು. ಉಡುಪಿ ಬೇರೆ ಜಿಲ್ಲೆಯಾದದ್ದು 1997ರಲ್ಲಿ. 1956ರ ನವೆಂಬರ್ 1ರವರೆಗೆ ಇಡೀ ದಕ್ಷಿಣ ಕನ್ನಡವು ಮದ್ರಾಸಿಗೆ ಸೇರಿತ್ತು, ಕಾಸರಗೋಡು ಆಮೇಲೆ ಕೇರಳಕ್ಕೆ ಹೋಯಿತು. ಆದ್ದರಿಂದ ಕೆಲವು ಹುಡುಕಾಟಗಳು ಚೆನ್ನೈಯ ಎಗ್ಮೋರಿನ ಪತ್ರಾಗಾರದವರೆಗೂ ಒಯ್ಯುತ್ತವೆ. ಕುಟುಂಬದಲ್ಲಿ ವ್ಯಾಜ್ಯ ನಡೆದಿತ್ತೆಂದು ಕೇಳಿದ್ದರೆ ಬೇಸರಪಡಬೇಡಿ, ಅಳಿಯಸಂತಾನದ ಮೊಕದ್ದಮೆಗಳಲ್ಲಿ ವಂಶಾವಳಿಯನ್ನೇ ಸಾಕ್ಷ್ಯವಾಗಿ ಹಾಜರುಪಡಿಸುತ್ತಿದ್ದರು. ಅಜ್ಜಂದಿರ ಜಗಳ ಮೊಮ್ಮಕ್ಕಳಿಗೆ ದಾಖಲೆಯಾಗಿ ಉಳಿದಿದೆ.

ಆಸ್ತಿಯೇ ಇಲ್ಲದ ಮನೆಗಳವರು ಏನು ಮಾಡಬೇಕು? ಅವರಿಗಾಗಿ ಭೂನ್ಯಾಯಮಂಡಳಿಯ ಕಡತಗಳಿವೆ. 1974ರ ಮಾರ್ಚ್ 1ರಂದು ಗೇಣಿಯ ಜಮೀನುಗಳು ಸರ್ಕಾರಕ್ಕೆ ಸೇರಿದ ಮೇಲೆ ಚಾಲಗೇಣಿಯ (ಶಾಶ್ವತವಲ್ಲದ ಗೇಣಿಯ) ಒಕ್ಕಲುಗಳು ನಮೂನೆ 7ರಲ್ಲಿ ಅರ್ಜಿ ಹಾಕಿದರು. ನಾವು ಈಗಲೂ "ಡಿಕ್ಲರೇಶನ್" ಎನ್ನುವುದು ಅದನ್ನೇ. ಎಷ್ಟು ಕಾಲದಿಂದ ಸಾಗುವಳಿ ಮಾಡುತ್ತಿದ್ದಾರೆ, ಮೊದಲು ಮಾಡಿದವರು ಯಾರು, ಧಣಿಗಳು ಯಾರು ಎಂಬ ವಿವರಗಳು ಕಡತದಲ್ಲಿರುತ್ತವೆ. ಅರ್ಜಿದಾರರು ನಡುವೆ ತೀರಿಕೊಂಡಿದ್ದರೆ ವಾರಸುದಾರರ ಪಟ್ಟಿಯೂ ಸೇರಿರುತ್ತದೆ. ಎಷ್ಟೋ ಮನೆಗಳಲ್ಲಿ ಅಜ್ಜನ ಹೆಬ್ಬೆಟ್ಟಿನ ಗುರುತಿರುವ ಒಂದೇ ಒಂದು ಸರ್ಕಾರಿ ಕಾಗದ ಇದು.

ಬೇರೆ ಸಮುದಾಯಗಳಿಗೆ ಬೇರೆ ದಾರಿಗಳಿವೆ. ಬ್ರಾಹ್ಮಣರ ಮನೆಗಳಲ್ಲಿ ಶ್ರಾದ್ಧ, ಮಹಾಲಯ ತರ್ಪಣಗಳಲ್ಲಿ ತಂದೆಯ ಕಡೆ ಮೂರು, ತಾಯಿಯ ಕಡೆ ಮೂರು ತಲೆಮಾರಿನ ಹೆಸರುಗಳು ಗೋತ್ರಸಹಿತ ಬರುತ್ತವೆ. ಮನೆಯ ಪುರೋಹಿತರ ಟಿಪ್ಪಣಿ ಪುಸ್ತಕವನ್ನು ಕೇಳಿ ನೋಡಿ. ಗೌಡ ಸಾರಸ್ವತರಿಗೆ ಗೋವೆಯ ಕುಲದೇವರ ದೇವಸ್ಥಾನವೇ ಹಳೆಯ ಊರಿನ ಸುಳಿವು. ಯಾತ್ರೆಗೆ ಹೋದವರ ಹೆಸರುಗಳು ತ್ರ್ಯಂಬಕೇಶ್ವರದ ಪುರೋಹಿತರ ಪುಸ್ತಕಗಳಲ್ಲಿ ಸಿಗಬಹುದು. ಕಥೋಲಿಕರಿಗೆ ಇಗರ್ಜಿಯ ಜ್ಞಾನಸ್ನಾನ, ಮದುವೆ ಮತ್ತು ಮರಣದ ಪುಸ್ತಕಗಳು ಬಲವಾದ ಆಧಾರ, ಹಳೆಯ ನಮೂದುಗಳು ಲ್ಯಾಟಿನ್ ಅಥವಾ ಪೋರ್ಚುಗೀಸ್ ಭಾಷೆಯಲ್ಲಿರುತ್ತವೆ. ಆದರೆ 1784ರಲ್ಲಿ ಟಿಪ್ಪು ಇಲ್ಲಿನ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದಾಗ ಇಗರ್ಜಿಗಳೂ ನೆಲಸಮವಾದುದರಿಂದ 1799ಕ್ಕಿಂತ ಹಿಂದಿನ ಬರಹ ಸಿಗುವುದು ಬಹಳ ಅಪರೂಪ. ಬಾಸೆಲ್ ಮಿಶನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಆ ಸಭೆಗಳಿಗೆ ಸೇರಿದ ಮನೆತನದವರು ಬಲ್ಮಠದ ಕರ್ನಾಟಕ ಥಿಯೋಲಾಜಿಕಲ್ ಕಾಲೇಜಿನ ಪತ್ರಾಗಾರದಲ್ಲಿ ವಿಚಾರಿಸಬೇಕು. ಬ್ಯಾರಿ ಮುಸ್ಲಿಮರು ಜಮಾಅತಿನ (ಮಸೀದಿಯ ಸಭೆಯ) ನಿಕಾಹ್ ಪುಸ್ತಕದಿಂದ ಆರಂಭಿಸುವುದು ಒಳ್ಳೆಯದು.

ದೂರದ ಸಂಬಂಧಿಕರು ಹೆಚ್ಚಾಗಿ ಸಿಗುವುದು ಎರಡು ಕಡೆ: ಘಟ್ಟದ ಮೇಲಿನ ಕಾಫಿ ತೋಟದ ಊರುಗಳಲ್ಲಿ ಮತ್ತು ಮುಂಬೈಯಲ್ಲಿ. ಮುಂಬೈಯ ಸಮುದಾಯ ಸಂಘಗಳ ಸ್ಮರಣಸಂಚಿಕೆಗಳನ್ನು ಹುಡುಕಿ; ಅವುಗಳಲ್ಲಿ ವ್ಯಕ್ತಿಯ ಹೆಸರಿನೊಂದಿಗೆ ಊರಿನ ಮನೆಯ ಹೆಸರೂ ಇರುವುದುಂಟು. ನಮ್ಮ ಕಡೆ ಮನೆಯ ಹೆಸರೇ ಅಡ್ಡಹೆಸರಿಗಿಂತ ನಂಬಿಕೆಗೆ ಅರ್ಹ, ಯಾಕೆಂದರೆ ಶೆಟ್ಟಿ, ಪೂಜಾರಿ, ರಾವ್ ಎಂಬವು ಸಾವಿರಾರು ಮನೆಗಳಿಗೆ ಸೇರಿದವು.

ಹೆಸರುಗಳ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ಅಜ್ಜಿಯ ಹೆಸರನ್ನು ಮೊಮ್ಮಗಳಿಗೆ ಇಡುವ ರೂಢಿಯಿಂದಾಗಿ ಒಂದೇ ಹೆಸರು ಒಂದು ತಲೆಮಾರು ಬಿಟ್ಟು ಮರಳುತ್ತದೆ. ನಾನು ಒಂದೇ ಹೆಸರಿನ ಇಬ್ಬರು ಹೆಣ್ಣುಮಕ್ಕಳನ್ನು ಒಬ್ಬಳೆಂದೇ ತಿಳಿದು ಎಂಟು ತಿಂಗಳು ತಪ್ಪು ದಾರಿಯಲ್ಲಿ ನಡೆದೆ. ಅವಳಿಗೆ ಅರವತ್ತೆಂಟನೇ ಪ್ರಾಯದಲ್ಲಿ ಮಗು ಹುಟ್ಟಿದಂತೆ ಲೆಕ್ಕ ಬಂದಾಗಲೇ ನನಗೆ ತಪ್ಪು ತಿಳಿದದ್ದು. ಪ್ರತಿ ಹೆಸರಿನ ಪಕ್ಕದಲ್ಲಿ ಮನೆಯ ಹೆಸರನ್ನೂ ಅಂದಾಜು ಹುಟ್ಟಿದ ವರ್ಷವನ್ನೂ ಯಾರು ಹೇಳಿದರೆಂಬುದನ್ನೂ ಬರೆದಿಡಿ. ಬಿಡುಧಾರೆಯ ಮದುವೆಗಳು (ಹೆಣ್ಣುಮಕ್ಕಳ ಮರುಮದುವೆ) ಇದ್ದುದರಿಂದ ಒಬ್ಬ ತಾಯಿಯ ಮಕ್ಕಳಿಗೆಲ್ಲ ತಂದೆ ಒಬ್ಬರೇ ಎಂದು ಊಹಿಸದೆ ಪ್ರತಿಯೊಬ್ಬರಿಗೂ ಬೇರೆಬೇರೆಯಾಗಿ ಕೇಳಿ ಬರೆಯಿರಿ. ಬದುಕಿರುವವರ ಮನೆಯ ಒಳಸಂಗತಿಗಳನ್ನು ಅವರ ಒಪ್ಪಿಗೆಯಿಲ್ಲದೆ ಹಂಚುವ ಪ್ರತಿಯಲ್ಲಿ ಸೇರಿಸಬಾರದು.

ಹಾಳೆ ಒಂದು ಹದಕ್ಕೆ ಬಂದ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿ, ತಂಬಿಲದ ದಿನ ತರವಾಡಿನ ಚಾವಡಿಯಲ್ಲಿ ಹಾಸಿ, ಪಕ್ಕದಲ್ಲಿ ಒಂದು ಪೆನ್ಸಿಲ್ ಇಡಿ. ನಾವು ಹಾಗೆ ಮಾಡಿದ ದಿನ ಊಟದ ನಂತರ ನನ್ನ ದೊಡ್ಡಮ್ಮ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ವಿಭಾಗ ಪತ್ರದಲ್ಲಿ ಸಿಕ್ಕಿದ್ದ ಆ ಹುಡುಗನ ಹೆಸರಿನ ಮೇಲೆ ಬೆರಳಿಟ್ಟು, "ಇವನು ನಮ್ಮ ಜೊತೆ ಆಡುತ್ತಿದ್ದ ಮಗು, ಜ್ವರ ಬಂದು ಹೋದ" ಎಂದರು. ಆಮೇಲೆ ಪೆನ್ಸಿಲ್ ಕೇಳಿ ಪಡೆದು, ಅವನ ಹೆಸರಿನ ಕೆಳಗೆ ಆಟಿ ತಿಂಗಳು ಎಂದು ಬರೆದರು.