ಒಟಿಯ ಕಾಣದ ಮಾಲಿನ್ಯ: ತಗ್ಗಿಸುವುದು ಹೇಗೆ?

ಆಪರೇಷನ್ ಥಿಯೇಟರ್ (ಒಟಿ) ಪರಿಸರಸ್ನೇಹಿ ಆಗಬೇಕು ಅಂದರೆ ಎಲ್ಲರ ಕಣ್ಣೂ ಮೊದಲು ಕಸದ ಬುಟ್ಟಿಗೆ ಹೋಗುತ್ತದೆ. ಹಾಸನ ಜಿಲ್ಲೆಯಲ್ಲಿ ವರ್ಷಗಟ್ಟಲೆ ಒಟಿ ಸಿಸ್ಟರ್ ಆಗಿ ದುಡಿದ ನಾನೂ ಬುಟ್ಟಿಯನ್ನೇ ನೋಡುತ್ತಿದ್ದೆ. ಶುರು ಮಾಡಬೇಕಾದ್ದು ಗ್ಯಾಸ್‌ನಿಂದ.

ರೋಗಿಗೆ ಕೊಟ್ಟ ಅರಿವಳಿಕೆ ಅನಿಲದ ಬಹುಪಾಲು ಹಾಗೇ ಹೊರಬಂದು ಗಾಳಿ ಸೇರುತ್ತದೆ. ಇಂಥ ಅನಿಲಗಳಲ್ಲೊಂದಾದ ಡೆಸ್‌ಫ್ಲೂರೇನ್ ಒಂದು ಕೆಜಿ ಇದ್ದರೆ ಅದು 100 ವರ್ಷಗಳ ಲೆಕ್ಕದಲ್ಲಿ 2,500 ಕೆಜಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್‌ನಷ್ಟು ಭೂಮಿಯನ್ನು ಕಾಯಿಸುತ್ತದೆ. ಯುರೋಪಿಯನ್ ಒಕ್ಕೂಟ 2026ರ ಜನವರಿ 1ರಿಂದ, ಬೇರೆ ದಾರಿಯೇ ಇಲ್ಲದ ಸಂದರ್ಭ ಬಿಟ್ಟು, ಇದನ್ನು ನಿಷೇಧಿಸಿದೆ. ಇನ್ನೊಂದು ಅರಿವಳಿಕೆ ಅನಿಲ ಸೆವೊಫ್ಲೂರೇನ್‌ನ ಹಾನಿ ಇದರ ಹತ್ತನೇ ಒಂದು ಪಾಲಿಗೂ ಕಡಿಮೆ. ಹಾಗಾಗಿ ಮೊದಲು ಡೆಸ್‌ಫ್ಲೂರೇನ್ ತರಿಸುವುದನ್ನು ಬಿಡಿ. ಸಿಸೇರಿಯನ್, ಹರ್ನಿಯಾದಂಥ ಕೇಸುಗಳಲ್ಲಿ ಸ್ಪೈನಲ್ (ಬೆನ್ನಿಗೆ ಚುಚ್ಚಿ ಕೊಡುವ ಅರಿವಳಿಕೆ) ಸಾಕಾದರೆ ಈ ಗ್ಯಾಸೇ ಬೇಡ.

ಎರಡನೆಯದು ಫ್ಲೋಮೀಟರ್, ಅಂದರೆ ಮೆಷಿನ್‌ನಿಂದ ನಿಮಿಷಕ್ಕೆ ಎಷ್ಟು ಗ್ಯಾಸ್ ಹರಿಯುತ್ತಿದೆ ಎಂದು ತೋರಿಸುವ ಮೀಟರ್. ರೋಗಿಗೆ ಮಂಪರು ಹತ್ತಿ ಸ್ಥಿರವಾದ ಮೇಲೂ ನಿಮಿಷಕ್ಕೆ ನಾಲ್ಕೈದು ಲೀಟರ್ ಹರಿಯುತ್ತಲೇ ಇರುವುದನ್ನು ಕಂಡಿದ್ದೇನೆ. ಮಾನಿಟರ್ ಸರಿಯಿದ್ದರೆ ಅರಿವಳಿಕೆ ವೈದ್ಯರು ಅದನ್ನು ಒಂದು ಲೀಟರಿಗೆ ಇಳಿಸಬಹುದು. ರೋಗಿ ಬಿಟ್ಟ ಉಸಿರಿನ ಇಂಗಾಲದ ಡೈಆಕ್ಸೈಡ್ ಹೀರುವ ಸೋಡಾ ಲೈಮ್ ಸತ್ವ ಮುಗಿದು ನೇರಳೆಗೆ ತಿರುಗಿತೇ ಎಂಬುದರ ಮೇಲೆ ಮಾತ್ರ ಆಗ ಹೆಚ್ಚು ನಿಗಾ ಬೇಕು.

ಮೂರನೆಯದು ಅರಿವಳಿಕೆಗೇ ಬಳಸುವ ನೈಟ್ರಸ್ ಆಕ್ಸೈಡ್ ಅನಿಲ, ನಮ್ಮ ನೀಲಿ ಸಿಲಿಂಡರ್. ಇದು ವಾತಾವರಣದಲ್ಲಿ ನೂರು ವರ್ಷಕ್ಕೂ ಹೆಚ್ಚು ಕಾಲ ಉಳಿಯುತ್ತದೆ. ಗೇಜ್ ನಂಬಬೇಡಿ. ಒಳಗೆ ದ್ರವ ಇರುವವರೆಗೂ ಮುಳ್ಳು ಹೆಚ್ಚುಕಡಿಮೆ ಒಂದೇ ಕಡೆ ನಿಂತಿರುತ್ತದೆ. ತೂಕ ಮಾಡಿ. ನಾನಿದ್ದ ಒಂದು ಆಸ್ಪತ್ರೆಯಲ್ಲಿ ಶನಿವಾರ ಸಂಜೆ ತೂಗಿಟ್ಟ ಸಿಲಿಂಡರ್, ಭಾನುವಾರ ಒಂದೂ ಕೇಸ್ ಇಲ್ಲದಿದ್ದರೂ, ಸೋಮವಾರ ಬೆಳಿಗ್ಗೆ ಹಗುರವಾಗಿತ್ತು. ಸೋಪಿನ ನೀರು ಹಚ್ಚಿದರೆ ಪೈಪಿನ ಜೋಡಣೆಯಲ್ಲಿ ಸಣ್ಣಸಣ್ಣ ಗುಳ್ಳೆ. ಸವೆದ ವಾಷರ್! ಎಷ್ಟು ತಿಂಗಳಿಂದ ಸೋರುತ್ತಿತ್ತೋ ಎಂದು ಹೊಟ್ಟೆ ಉರಿಯಿತು. ಪೈಪ್‌ಲೈನ್ ಹಳತಾಗಿದ್ದರೆ ಅದನ್ನು ಮುಚ್ಚಿ, ಬೇಕಾದಾಗ ಮೆಷಿನ್‌ಗೆ ಸಣ್ಣ ಸಿಲಿಂಡರ್ ಜೋಡಿಸಿಕೊಳ್ಳುವುದೇ ಮೇಲು.

ಕೇಸ್ ಇಲ್ಲದ ರಾತ್ರಿ ಎಸಿ ಪೂರ್ತಿ ಆರಿಸದೆ, ಹೊರಗಿನ ಗಾಳಿ ನುಗ್ಗದಂತೆ ತಡೆಯುವ ಒಳಗಿನ ಒತ್ತಡ ಉಳಿಯುವಷ್ಟು ಗಾಳಿ ಇಟ್ಟು ವೇಗ ತಗ್ಗಿಸಿ. ಹ್ಯಾಲೊಜನ್ ದೀಪ ಬದಲಿಸಿ ಎಲ್‌ಇಡಿ ಹಾಕಿಸಿ.

ಒಗೆದು ಬಳಸುವ ಗೌನ್, ಡ್ರೇಪ್ (ರೋಗಿಗೆ ಹೊದಿಸುವ ಬಟ್ಟೆ) ವಿಷಯಕ್ಕೆ ಬಂದರೆ ಸಕಲೇಶಪುರದ ಕಡೆಯವರು ಮಳೆಗಾಲದ ಮಾತು ತೆಗೆಯುತ್ತಾರೆ. ನಿಜ, ಆಷಾಢದಲ್ಲಿ ಬಟ್ಟೆ ಒಣಗುವುದಿಲ್ಲ, ಒದ್ದೆ ಪ್ಯಾಕ್ ಆಟೋಕ್ಲೇವ್‌ನ ಬಿಸಿ ಹಬೆಯಲ್ಲಿ ಬೆಂದು ಬಂದರೂ ಸ್ಟೆರೈಲ್ (ಸೂಕ್ಷ್ಮಜೀವಿಮುಕ್ತ) ಅಲ್ಲ. ಅದಕ್ಕೇ ಒಂದು ಡ್ರೈಯರ್ ಕೊಳ್ಳಿ, ಒಂದೆರಡು ಸೆಟ್ ಹೆಚ್ಚಿಗೆ ಹೊಲಿಸಿ. ಮದುರೆಯ ಅರವಿಂದ ಕಣ್ಣಾಸ್ಪತ್ರೆಯಲ್ಲಿ ಬಹಳಷ್ಟು ಸಾಮಾನು ಮರುಬಳಕೆ ಮಾಡುವುದರಿಂದ ಒಂದು ಪೊರೆ ಶಸ್ತ್ರಚಿಕಿತ್ಸೆಗೆ ಸುಮಾರು 250 ಗ್ರಾಂ ಕಸ ಮಾತ್ರ ಬರುತ್ತದೆ ಎಂದು ಅಧ್ಯಯನವೇ ತೋರಿಸಿದೆ.

ಕೊನೆಗೆ ಬುಟ್ಟಿ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಂತೆ ರಕ್ತ ಮೆತ್ತಿದ ಹತ್ತಿ ಹಳದಿಗೆ, ಐವಿ ಟ್ಯೂಬು, ಗ್ಲೌಸ್ ಕೆಂಪಿಗೆ. ಟ್ರೇ ಸಿದ್ಧ ಮಾಡುವಾಗ ಬಿಚ್ಚಿದ ಕಾಗದ, ಪ್ಲಾಸ್ಟಿಕ್ ಕವರ್ ಎರಡಕ್ಕೂ ಸೇರಬೇಕಿಲ್ಲ. ರೋಗಿ ಒಳಗೆ ಬರುವ ಮೊದಲೇ ಅವನ್ನು ಬೇರೆ ಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ಹೊರಗೆ ಸಾಗಿಸಿಬಿಡಿ.