ಮತಂಗ ಬೆಟ್ಟದ ಒಂದು ಫೋಟೊ, ಐದು ಕ್ರಾಪ್

ಧನುರ್ಮಾಸ ಬಂತೆಂದರೆ ನಮ್ಮ ಸ್ಟುಡಿಯೊಗೆ ನಿದ್ದೆ. ಲಗ್ನ ಇಲ್ಲ, ನಿಶ್ಚಿತಾರ್ಥ ಇಲ್ಲ. ಹೊಸಪೇಟೆಯಿಂದ ಹಂಪಿಗೆ 13 ಕಿ.ಮೀ. ಅಷ್ಟೇ ಆದರೂ ವರ್ಷದ ಉಳಿದ ಹನ್ನೊಂದು ತಿಂಗಳಲ್ಲಿ ನಾನು ಅಲ್ಲಿಗೆ ಹೋಗುವುದು ಪ್ರೀ-ವೆಡ್ಡಿಂಗ್ ಶೂಟ್‌ಗೆ ಮಾತ್ರ. ಆ ಡಿಸೆಂಬರ್‌ನಲ್ಲಿ ಊರಿನ ಲಾಡ್ಜ್ ಮಾಲೀಕರೊಬ್ಬರು ಕರೆದು ಹೇಳಿದರು: "ರಿಸೆಪ್ಷನ್ ಗೋಡೆಗೆ ಒಂದು ದೊಡ್ಡ ಹಂಪಿ ಫೋಟೊ ಬೇಕು. ಕಲ್ಲಿನ ರಥ ಮಾತ್ರ ಬ್ಯಾಡ್ರಿ, ಪಕ್ಕದ ಲಾಡ್ಜಿನಾಗೂ ಅದೇ ಐತಿ."

ನಸುಕಿನ ಐದಕ್ಕೆ ಬೈಕ್ ಹತ್ತಿದೆ. ಮತಂಗ ಬೆಟ್ಟವನ್ನು ಟಾರ್ಚ್ ಬೆಳಕಿನಲ್ಲಿ ಹತ್ತಿ ವೀರಭದ್ರನ ಗುಡಿ ಹತ್ತಿರ ಕೂತಾಗ ಇನ್ನೂ ಕತ್ತಲು. ಆರೂಮುಕ್ಕಾಲಿನ ಹೊತ್ತಿಗೆ ಬಿಸಿಲು ಬಲಗಡೆಯಿಂದ ಬಿತ್ತು. ಕೆಳಗೆ ಅಚ್ಯುತರಾಯ ದೇವಾಲಯ, 1534ರಲ್ಲಿ ತಿರುವೆಂಗಳನಾಥನಿಗೆಂದು ಕಟ್ಟಿದ್ದು. ಒಂದರೊಳಗೊಂದು ಎರಡು ಪ್ರಾಕಾರ. ಅದರ ಮುಂದಿನಿಂದ ಕಂಬಸಾಲುಗಳ ಸೂಳೆ ಬಜಾರ್ ಓರೆಯಾಗಿ ಹೊಳೆಯ ಕಡೆ ಹೋಗುತ್ತದೆ. ಬೀದಿಯ ಎಡಕ್ಕೆ ಪುಷ್ಕರಣಿ. ಆಚೆ ದಂಡೆಯ ಬೆಟ್ಟಗಳು ಮಂಜಿನಲ್ಲಿ. ನನ್ನ ಕಾಲ ಬುಡದಲ್ಲೇ ಒಂದು ದುಂಡು ಬಂಡೆ.

ಮದುವೆ ಫೋಟೊ ತೆಗೆಯುವವನ ಕೈ ಹೇಗಿರುತ್ತದೆ ಅಂದರೆ, ಎಲ್ಲರೂ ಚೌಕಟ್ಟಿನೊಳಗೆ ಬರಬೇಕು. ಸೋದರಮಾವನ ತಲೆ ಕತ್ತರಿಸಿಹೋದರೆ ಆಲ್ಬಂ ದುಡ್ಡು ಬರುವುದಿಲ್ಲ. ಅದೇ ಕೈಯಲ್ಲಿ ಇಲ್ಲೂ ಬಂಡೆ, ದೇವಾಲಯ, ಬಜಾರ್, ಪುಷ್ಕರಣಿ, ಬೆಟ್ಟ, ಆಕಾಶ ಎಲ್ಲವನ್ನೂ ಕರೆದು ನಿಲ್ಲಿಸಿದೆ. ಲೆನ್ಸ್ 24 ಮಿ.ಮೀ., ಎಫ್ 8, ಐಎಸ್ಒ 100, ಟ್ರೈಪಾಡ್ ಮೇಲೆ. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಚೆನ್ನಾಗಿಯೇ ಕಂಡಿತು. ಕೆಳಗಿಳಿದು ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿಂದು ಖುಷಿಯಿಂದ ಮನೆಗೆ ಬಂದೆ.

ಮಾಲೀಕರಿಗೆ ತೋರಿಸಲು 8×10 ಇಂಚಿನ ಒಂದು ಮಾದರಿ ಹಾಕಿಸೋಣ ಎಂದು ಫೈಲನ್ನು ಹಾಗೆಯೇ ಲ್ಯಾಬ್‌ಗೆ ಕಳಿಸಿದೆ. ಅಲ್ಲೇ ಎಡವಿದ್ದು. ನನ್ನ ಫೈಲ್ 6000×4000 ಪಿಕ್ಸೆಲ್, ಅಂದರೆ ಉದ್ದ-ಎತ್ತರದ ಅನುಪಾತ 3:2. 8×10 ಕಾಗದ 5:4. ಹೊಂದಿಸಲು ಲ್ಯಾಬಿನವರು ಎರಡೂ ಪಕ್ಕದಿಂದ ಐನೂರೈನೂರು ಪಿಕ್ಸೆಲ್ ಕತ್ತರಿಸಿದರು. ಬಲಮೂಲೆಯ ದುಂಡು ಬಂಡೆ ಅರ್ಧಕ್ಕೆ ತುಂಡಾಯಿತು, ಎಡಗಡೆ ಪುಷ್ಕರಣಿಯ ಒಂದು ಚೂರು ನೀರು ಅಂಚಿನಲ್ಲಿ ಕನ್ನಡಿ ಒಡೆದಂತೆ ಹೊಳೆಯುತ್ತಾ ಉಳಿಯಿತು. ಮಾಲೀಕರು ಪ್ರಿಂಟ್ ಹಿಡಿದು ಕೇಳಿದರು: "ಮೂಲ್ಯಾಗ ಆನಿ ಬಂದು ನಿಂತೈತೇನ್ರಿ?" ಲ್ಯಾಬಿನವರ ಮೇಲೆ ರೇಗಾಡಿದೆ. ಆಮೇಲೆ ಹೊಳೆಯಿತು, ಅವರು ಕಾಗದದ ಅಳತೆಗೆ ಕತ್ತರಿಸಿದ್ದಾರೆ, ಎಲ್ಲಿ ಕತ್ತರಿಸಬೇಕು ಎಂದು ನಾನು ಹೇಳಿಯೇ ಇಲ್ಲ.

ಆ ರಾತ್ರಿ ಫೋಟೊ ತಿದ್ದುವ ಲೈಟ್‌ರೂಮ್ ಸಾಫ್ಟ್‌ವೇರಿನಲ್ಲಿ ಅದೇ ಫೋಟೊದ ವರ್ಚುವಲ್ ಕಾಪಿಗಳನ್ನು ಮಾಡಿಕೊಂಡು ಪಕ್ಕಪಕ್ಕ ಇಟ್ಟು ನೋಡಿದೆ. ಮೂಲದ 3:2ರಲ್ಲಿ ಮೇಲಿನ ಮೂರನೇ ಒಂದು ಪಾಲು ಬರೀ ಆಕಾಶ. ಸೂರ್ಯ ಚೌಕಟ್ಟಿನಾಚೆ, ಮೋಡ ಇಲ್ಲ, ಬೋಳು ಆಕಾಶ. ಬೆಟ್ಟದ ಮೇಲೆ ನಿಂತಾಗ ಅದು ವಿಶಾಲ ಅನ್ನಿಸಿತ್ತು, ಪರದೆಯಲ್ಲಿ ಸುಣ್ಣ ಬಳಿದ ಗೋಡೆ. 16:9ಕ್ಕೆ ತಂದು 625 ಪಿಕ್ಸೆಲ್ಲನ್ನೂ ಆಕಾಶದಿಂದಲೇ ತೆಗೆದಾಗ ಚಿತ್ರ ಉಸಿರಾಡತೊಡಗಿತು. ಇನ್ನೂ ಆಸೆ ಹೆಚ್ಚಿ 2:1 ಮಾಡಿದೆ. ಈಗ ಆಕಾಶ ರಿಬ್ಬನ್ನಿನಷ್ಟು. ಬೆಟ್ಟಗಳ ತಲೆ ಸೂರಿಗೆ ತಾಗಿದ ಹಾಗಾಯಿತು. ಆದರೆ ಕಣ್ಣು ಬಂಡೆಯಿಂದ ದೇವಾಲಯಕ್ಕೆ, ಅಲ್ಲಿಂದ ಬೀದಿಗುಂಟ ಹೊಳೆಯ ಕಡೆ ತಾನಾಗಿ ನಡೆಯಿತು. ಲಾಡ್ಜಿನ ಗೋಡೆ ಆರಡಿ ಉದ್ದ, ಮೂರಡಿ ಎತ್ತರ. ಇದೇ ಸರಿ ಎಂದುಕೊಂಡೆ.

ಚೌಕದ್ದು ಬೇರೆಯೇ ಕಥೆ. 1:1ರೊಳಗೆ ಬಂಡೆ ಮತ್ತು ಪುಷ್ಕರಣಿ ಎರಡಕ್ಕೂ ಜಾಗವಿಲ್ಲ, ಒಂದನ್ನು ಬಿಡಬೇಕು. ಎರಡನ್ನೂ ಬಿಟ್ಟು ದೇವಾಲಯವನ್ನು ನಡುವೆ ಇಟ್ಟಾಗ ಆ ಎರಡು ಪ್ರಾಕಾರ ಅಂಗಳದ ರಂಗೋಲಿಯ ಹಾಗೆ ಎದ್ದು ಬಂದವು. ಚೆಂದವಿತ್ತು, ನಿಜ. ಆದರೆ ಇದು ಬೆಟ್ಟದ ತುದಿಯಿಂದ ಕಂಡದ್ದು ಅನ್ನುವುದೇ ಗೊತ್ತಾಗದಂತಾಯಿತು, ಡ್ರೋನ್‌ನಿಂದ ತೆಗೆದದ್ದೇನೋ ಅನ್ನಿಸುತ್ತಿತ್ತು. ಇನ್‌ಸ್ಟಾಗ್ರಾಂಗೆ ಅಂತ ಮಾಡಿದ ಉದ್ದದ 4:5 ನನಗೆ ಅಷ್ಟು ಹಿಡಿಸಲಿಲ್ಲ. ಬೀದಿ ಎತ್ತರವಾಗಿ ಕಂಡರೂ ಬೋಳು ಆಕಾಶ ಮತ್ತೆ ತಲೆ ಮೇಲೆ ಕೂತಿತು. ಲೈಕ್ ಮಾತ್ರ ಅದಕ್ಕೇ ಹೆಚ್ಚು ಬಂದವು, ಬಿಡಿ.

ಇಲ್ಲಿ ಒಂದು ಮಾತು. ಹಂಪಿಯ ಫೋಟೊದಲ್ಲಿ ನೇರ ದಿಗಂತ ಹುಡುಕಬೇಡಿ. ಬೆಟ್ಟಸಾಲು ತಾನೇ ವಾಲಿರುತ್ತದೆ, ಅದನ್ನು ನೆಟ್ಟಗೆ ಮಾಡಲು ಹೋದರೆ ಗೋಪುರ ವಾಲುತ್ತದೆ. ನಾನು ಚೌಕಟ್ಟಿನ ನಡುವೆ ಇರುವ ಗೋಪುರದ ಲಂಬ ಗೆರೆಯನ್ನು ನಂಬುತ್ತೇನೆ. ಒಂದು ಡಿಗ್ರಿ ತಿರುಗಿಸಿದರೂ ನಾಲ್ಕು ಮೂಲೆ ಸವೆಯುತ್ತವೆ, ಆದ್ದರಿಂದ ತಿರುಗಿಸುವ ಕೆಲಸ ಮೊದಲು, ಕ್ರಾಪ್ ಆಮೇಲೆ.

ಐದನ್ನೂ ನೋಡಿದ ಮೇಲೂ ಒಂದು ಕಿರಿಕಿರಿ ಹೋಗಲಿಲ್ಲ. ಬಂಡೆಯ ಹೆಗಲು ದೇವಾಲಯದ ಹೊರಗೋಡೆಯ ಮೂಲೆಗೆ ಸರಿಯಾಗಿ ಅಂಟಿಕೊಂಡಿತ್ತು, ಗೋಡೆ ಬಂಡೆಯಿಂದಲೇ ಮೊಳೆತ ಹಾಗೆ. ಯಾವ ಕ್ರಾಪ್ ಮಾಡಿದರೂ ಆ ಅಂಟು ಬಿಡಲಿಲ್ಲ. ಕತ್ತರಿ ಅಂಚನ್ನು ಬದಲಿಸಬಲ್ಲದು, ನಾನು ನಿಂತ ಜಾಗವನ್ನಲ್ಲ. ಮರುದಿನ ಮತ್ತೆ ಹತ್ತಿದೆ. ಟ್ರೈಪಾಡನ್ನು ನಾಲ್ಕು ಹೆಜ್ಜೆ ಎಡಕ್ಕೆ ಒಯ್ದು, ಒಂದಡಿ ಎತ್ತರಿಸಿದೆ. ದೂರದ ದೇವಾಲಯ ಇದ್ದಲ್ಲೇ ಇತ್ತು, ಹತ್ತಿರದ ಬಂಡೆ ಸರಿದು ಇಬ್ಬರ ನಡುವೆ ಕಿರಿದಾದ ಹಸಿರು ಸಂದು ತೆರೆದುಕೊಂಡಿತು. ಪುಷ್ಕರಣಿಯೂ ಪೂರ್ತಿ ಒಳಗೆ ಬಂತು.

1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಮೇಣ ಹಚ್ಚಿದ ಕಾಗದದ ದೊಡ್ಡ ನೆಗೆಟಿವ್‌ಗಳಲ್ಲಿ ಹಂಪಿಯನ್ನು ತೆಗೆದಿದ್ದ. ನೆಗೆಟಿವ್ ಎಷ್ಟು ದೊಡ್ಡದೋ ಪ್ರಿಂಟೂ ಅಷ್ಟೇ, ಹಿಗ್ಗಿಸುವ ಮಾತಿಲ್ಲ. ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ 1980ರ ದಶಕದಲ್ಲಿ ಆ ಚಿತ್ರಗಳನ್ನು ಹಿಡಿದುಕೊಂಡು ಬಂದು, ಗ್ರೀನ್‌ಲಾ ನಿಂತಿದ್ದ ಜಾಗಗಳನ್ನೇ ಹುಡುಕಿ ಮತ್ತೆ ತೆಗೆದರು. ಆ ಜೋಡಿಚಿತ್ರಗಳನ್ನು ಮೊದಲು ನೋಡಿದಾಗ ನಾನು ಗುಡಿಗಳನ್ನಷ್ಟೇ ಹೋಲಿಸಿದ್ದೆ. ಈ ನಾಲ್ಕು ಹೆಜ್ಜೆ ಸರಿದು ನೋಡಿದ ಮೇಲೆ ಆ ಜೋಡಿಗಳನ್ನು ಮತ್ತೆ ತೆರೆದು, ಯಾವ ಕಂಬ ಯಾವ ಕಂಬಕ್ಕೆ ಮರೆಯಾಗಿದೆ ಎಂದು ನೋಡುತ್ತಾ ಕೂತೆ.

ಹೊಸ ಫೈಲಿನ 12×18 ಪ್ರಿಂಟನ್ನು ಅಪ್ಪನಿಗೆ ತೋರಿಸಿದೆ. ಅಪ್ಪ ಡಾರ್ಕ್‌ರೂಮ್ ಕಾಲದವರು, ನೆಗೆಟಿವ್ ಹಿಗ್ಗಿಸುವ ಎನ್ಲಾರ್ಜರ್ ಕೆಳಗೆ, ಕಾಗದ ಹಿಡಿಯುವ ಈಸೆಲ್ಲಿನ ಪಟ್ಟಿ ಜರುಗಿಸಿಯೇ ಕ್ರಾಪ್ ಮಾಡಿದವರು. ಏನೂ ಹೇಳದೆ ಒಂದು ಹಳೆಯ ಲಗ್ನಪತ್ರಿಕೆಯ ದಪ್ಪ ರಟ್ಟು ತಗೊಂಡು ಎರಡು ಎಲ್ ಆಕಾರ ಕತ್ತರಿಸಿದರು. ಬಂಗಾರದ ಗಣಪತಿ ಒಂದು ಎಲ್‌ನ ಮೂಲೆಯಲ್ಲಿ ಅರ್ಧ ಉಳಿದ. ಎರಡನ್ನೂ ಎದುರುಬದುರು ಇಟ್ಟು ಪ್ರಿಂಟ್ ಮೇಲೆ ಜರುಗಿಸುತ್ತಾ ಹೋದರು. ಬಂಡೆ ಮುಚ್ಚಿತು, ಆಕಾಶ ಮುಚ್ಚಿತು, ನಾನು ಅಷ್ಟು ಕಷ್ಟಪಟ್ಟ ಹಸಿರು ಸಂದೂ ಮುಚ್ಚಿತು. ಕೊನೆಗೆ ಉಳಿದದ್ದು ಅಂಗೈಗಿಂತ ಕಿರಿದಾದ ಒಂದು ಕಿಟಕಿ. ಅದರಲ್ಲಿ ಬಜಾರಿನ ಬೀದಿ, ಕಂಬಗಳ ಉದ್ದನೆಯ ನೆರಳು, ಆ ನೆರಳು ದಾಟುತ್ತಿರುವ ಏಳೆಂಟು ಆಡು. ಆಡುಗಳು ಇದ್ದದ್ದು ನನಗೆ ಗೊತ್ತೇ ಇರಲಿಲ್ಲ.

"ಇದ್ರಾಗ ಫೋಟೊ ಇಲ್ಲೈತಿ ನೋಡು. ಉಳದದ್ದು ಜಾಗಾ" ಅಂದರು.

ಕಂಪ್ಯೂಟರಿನಲ್ಲಿ ಅದೇ ಕಿಟಕಿ ಎಳೆದು ನೋಡಿದರೆ 1100×1650 ಪಿಕ್ಸೆಲ್. ಇಂಚಿಗೆ 300ರಂತೆ ಪ್ರಿಂಟ್ ಹಾಕಿದರೆ 4×6ಕ್ಕೂ ಸಾಲದು. ಆದರೆ ಲೆಕ್ಕ ಸಿಕ್ಕಿತು. ಕ್ಯಾಮೆರಾವನ್ನು ಲಂಬವಾಗಿ ತಿರುಗಿಸಿ ಹಿಡಿದರೆ ಅಗಲ 4000 ಪಿಕ್ಸೆಲ್. 1100 ಇದ್ದದ್ದು 4000 ಆಗಬೇಕು, ಅಂದರೆ 3.6 ಪಟ್ಟು. 24 ಮಿ.ಮೀ.ಗೆ ಅಷ್ಟು ಪಟ್ಟು ಹಾಕಿದರೆ ಸುಮಾರು 87. ಅದೇ ಜಾಗದಲ್ಲಿ ನಿಂತು 87 ಮಿ.ಮೀ.ನಲ್ಲಿ ತೆಗೆದರೆ ಅಪ್ಪನ ಕಿಟಕಿಯೇ ಪೂರ್ತಿ ಫ್ರೇಮ್ ಆಗುತ್ತದೆ. ಕ್ಯಾಮೆರಾ ಜೊತೆಗೇ ಬಂದ ನನ್ನ ಕಿಟ್ ಲೆನ್ಸ್ 55 ಮಿ.ಮೀ.ಗೆ ಮುಗಿಯುತ್ತದೆ.

ಲಾಡ್ಜಿಗೆ ಎರಡನೇ ದಿನದ ಫೋಟೊವನ್ನೇ 2:1ರಲ್ಲಿ ಕೊಟ್ಟೆ. ಆರಡಿಗೆ ಹಿಗ್ಗಿಸಿದಾಗ ಇಂಚಿಗೆ 83 ಪಿಕ್ಸೆಲ್ ಮಾತ್ರ ಬರುತ್ತದೆ, ಆದರೆ ಕೌಂಟರಿನ ಈಚೆಯಿಂದ ನೋಡುವವರಿಗೆ ಏನೂ ಗೊತ್ತಾಗುವುದಿಲ್ಲ. ಈ ಸಲ ಅಳತೆಗೆ ತಕ್ಕಂತೆ ಕತ್ತರಿಸಿ, ಸುತ್ತ ಫ್ರೇಮಿನ ಕೆಳಗೆ ಹೋಗುವಷ್ಟು ಅಂಚು ಬಿಟ್ಟೇ ಕಳಿಸಿದೆ. ಮಾಲೀಕರು ಆನೆ ಹೋಯಿತೆಂದು ಖುಷಿಪಟ್ಟರು.

ಆ ದುಡ್ಡಿನಲ್ಲಿ 70-200 ಲೆನ್ಸ್ ಬಾಡಿಗೆಗೆ ತಂದು ಐದು ನಸುಕು ಮತಂಗ ಹತ್ತಿದೆ. ನೆರಳು ಬಂತು, ಕಂಬಗಳು ಅಪ್ಪನ ಕಿಟಕಿಯಲ್ಲಿದ್ದ ಹಾಗೆಯೇ ಕೂತವು. ಆಡುಗಳು ಬಂದದ್ದು ಒಂದೇ ದಿನ, ಅದೂ ಒಂಬತ್ತೂವರೆಗೆ, ನೆರಳೆಲ್ಲ ಗಿಡ್ಡವಾದ ಮೇಲೆ. ಸಂಕ್ರಾಂತಿಯ ಮರುದಿನ ಲೆನ್ಸ್ ವಾಪಸ್ ಕೊಟ್ಟೆ. ಆ ತಿಂಗಳ ಕೊನೆಗೆ ಮೂರು ಲಗ್ನ ಬುಕ್ ಆಗಿದ್ದವು. ಅರ್ಧ ಗಣಪತಿಯ ಎಲ್ ಮತ್ತು ಅದರ ಜೋಡಿ ಕ್ಯಾಮೆರಾ ಬ್ಯಾಗಿನ ಹಿಂದಿನ ಜಿಪ್ಪಿನಲ್ಲಿವೆ.